ಅರ್ಧ ಮೂಟೆ ಆಲೂಗಡ್ಡೆ

ಎಫಿ ಫ್ಲೆಟ್‌ಳ ಮನೆಗೂ, ಊರಿನ ಶಾಲೆಯ ಟೀಚರಾದ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳು ಖೀಮಾ ಹುರಿಯುವ ವಾಸನೆ ಆ ಗೋಡೆಯನ್ನು ಲೆಕ್ಕಕ್ಕಿಡದೆ ಬರುತ್ತಿತ್ತು. ವಾಸನೆ ಬಂತೆಂದರೆ ಗಂಡನ ದೋಣಿ ಆ ಸಂಜೆ ಬರಬೇಕಾಗಿದೆ ಎಂದು ತಿಳಿಯಬೇಕು. ಆಮೇಲೆ ಯಾವುದೋ ಹೊತ್ತಿನಲ್ಲಿ, ಬೆಂದ ಆಲೂಗಡ್ಡೆಯನ್ನು ಹಿಸುಕಿ, ಹಿಸುಕುವ ಕೋಲನ್ನು ಪಾತ್ರೆಯ ಅಂಚಿಗೆ ಬಡಿದು ಕೊಡವುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದರೆ ದೋಣಿ ಬಂದಾಯಿತು.

ಪೋರ್ಟ್ ಎಲ್ರಿಕ್‌ನ ಹೆಂಗಸರು ದೋಣಿ ಬಂದರಿನ ಬಾಯಿ ದಾಟಿದ್ದನ್ನು ಕಾಣುವ ತನಕ ಆಲೂಗಡ್ಡೆ ಹಿಸುಕುವುದಿಲ್ಲ. ಬೇಯಿಸಬಹುದು, ನೀರು ಬಸಿಯಬಹುದು, ಬೆಣ್ಣೆ ಹಾಲು ಪಕ್ಕದಲ್ಲಿಟ್ಟುಕೊಳ್ಳಬಹುದು. ಹಿಸುಕಬಾರದು. ಯಾಕೆಂದು ಕೇಳಿದರೆ, ಹಿಸುಕಿಟ್ಟದ್ದು ಆರಿದರೆ ಅಂಟು ಅಂಟಾಗುತ್ತದೆ ಎನ್ನುತ್ತಾರೆ. ಕಾರಣ ಅದಲ್ಲ.

ಎಫಿ ಈ ಊರಿನವಳಲ್ಲ, ತೀರದುದ್ದಕ್ಕೆ ಇನ್ನೂ ಪೂರ್ವಕ್ಕಿರುವ ಒಂದು ಬಂದರಿನವಳು. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ಬಂದರಿನ ಬಾಯಿಯಲ್ಲೇ, ದಡದಲ್ಲಿ ನಿಂತಿದ್ದ ಮನೆಯವರ ಕಣ್ಣೆದುರೇ ಮುಳುಗಿಹೋದ. ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಹೆರಿಂಗ್ ಮೀನಿನ ಹೊಟ್ಟೆ ಸೀಳುವ ಹೆಂಗಸರ ಗುಂಪಿಗೆ ಸೇರಿದಳು. ಅಲ್ಲಿಂದ ಗಿಬ್ ಫ್ಲೆಟ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಎತ್ತರದ ಆಳು, ಗಟ್ಟಿ ಎಲುಬು, ಮಾತು ಕಡಿಮೆ. ಊರಿನವರು ಅವಳನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಅದು ತಪ್ಪು ತಿಳಿವಳಿಕೆ. ನಾನು ಕಂಡವರಲ್ಲಿ ಎಫಿಯಷ್ಟು ಹೆದರುತ್ತಿದ್ದವರು ಯಾರೂ ಇಲ್ಲ. ಅವಳ ಹೆದರಿಕೆ ಬಾಯಿಗೆ ಬರುತ್ತಿರಲಿಲ್ಲ, ಕೈಗೆ ಇಳಿಯುತ್ತಿತ್ತು. ಗಾಳಿ ಏಳುತ್ತಿದ್ದ ಹಾಗೆ ಅವಳು ಆಲೂಗಡ್ಡೆ ಸುಲಿಯಲು ಕೂರುತ್ತಿದ್ದಳು. ಬೇಕಾದ್ದಕ್ಕಿಂತ ಹೆಚ್ಚು, ತಿನ್ನುವವರಿಗಿಂತ ಹೆಚ್ಚು.

ಮನೆಯಲ್ಲಿ ಗಿಬ್‌ನ ತಾಯಿ ಎಲ್ಸ್‌ಪೆಟ್ ಇದ್ದಳು. ಒಲೆಯ ಪಕ್ಕದ ಕುರ್ಚಿ ಅವಳದು. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಮಗಳು ಲೋರ್ನಾ ಆಬರ್ಡೀನ್‌ನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ನಾನು ಹೇಳಹೊರಟ ದಿನ ಅವಳು ರಜೆಯ ಮೇಲೆ ಬಂದಿದ್ದಳು, ಮರುದಿನ ಬೆಳಿಗ್ಗೆ ಹೊರಡುವವಳಿದ್ದಳು. ಎಪ್ಪತ್ತರ ದಶಕದ ಒಂದು ಜನವರಿ, ಗುರುವಾರ.

ಸೋಮವಾರ ನಸುಕಿನಲ್ಲಿ ಗಿಬ್ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ಗೋಡೆಯಾಚೆ ನನಗೂ ಕೇಳಿಸಿತ್ತು.

"ಗುರುವಾರ ಆರಕ್ಕೆ ಮೇಜಿನ ಮೇಲೆ ಖೀಮಾ ಇರ್ಲಿ. ಹುಡುಗಿ ಶುಕ್ರವಾರ ಹೋಗ್ತಾಳಲ್ಲ, ಎಲ್ಲ ಒಟ್ಟಿಗೆ ಕೂತು ಉಣ್ಣುವ."

"ಮೀನು ಸಿಕ್ಕಿದ್ರೆ ನಿನಗೆ ಹುಡುಗಿಯೂ ನೆನಪಿರೂದಿಲ್ಲ, ಹೆಂಡ್ತಿಯೂ ನೆನಪಿರೂದಿಲ್ಲ."

"ಖೀಮಾ ನೆನಪಿರ್ತದೆ ಮಾರಾಯ್ತಿ."

ಇನ್ನು ರೇಡಿಯೊದ ವಿಷಯ. ದೋಣಿಗಳು ಒಂದಕ್ಕೊಂದು ಮಾತಾಡುವ ಅಲೆಯನ್ನು ಊರಿನ ಪ್ರತಿ ಅಡುಗೆಮನೆಯಲ್ಲೂ ಕೇಳುತ್ತಿದ್ದರು. ಹೆಂಗಸರು ಪಾತ್ರೆ ತೊಳೆಯುತ್ತ, ಇಸ್ತ್ರಿ ಹಾಕುತ್ತ ಗಂಡಂದಿರ ದನಿ ಕೇಳುವುದು ದಿನದ ಕೆಲಸದಲ್ಲೊಂದು. ಆ ಅಲೆಯ ಮೇಲೆ ಗಂಡಸರು ಸುಳ್ಳು ಹೇಳುತ್ತಿದ್ದರು. ಒಳ್ಳೆಯ ಮೀನು ಸಿಕ್ಕ ಜಾಗವನ್ನು ಯಾರೂ ನಿಜ ಹೇಳುವುದಿಲ್ಲ. ಹೇಳಿದರೆ ನಾಳೆ ಹತ್ತು ದೋಣಿ ಅಲ್ಲಿರುತ್ತವೆ. ಭಾನುವಾರ ಎರಡು ಹೊತ್ತು ಚರ್ಚಿಗೆ ಹೋಗಿ, ದೋಣಿಗೆ ಬೈಬಲ್ಲಿನಿಂದ ಹೆಸರು ಆರಿಸಿ, ಸೋಮವಾರದಿಂದ ಶನಿವಾರದವರೆಗೆ ಬಾಯಿ ತುಂಬ ಸುಳ್ಳು ಹೇಳುವ ಗಂಡಸರು ಇವರು. ಹೆಂಡಂದಿರಿಗೆ ಅದು ಗೊತ್ತು. ತಿಳಿದೂ ಸುಮ್ಮನಿರುವುದು ಅವರ ಕಟ್ಟುಪಾಡು. ಗಂಡ ನಿಜವಾಗಿ ಎಲ್ಲಿದ್ದಾನೆಂದು ಬಾಯಿ ಬಿಟ್ಟ ಹೆಂಗಸನ್ನು ಈ ಊರು ಕ್ಷಮಿಸುವುದಿಲ್ಲ. ತಂಗಿಯ ಹತ್ತಿರವೂ ಹೇಳಕೂಡದು.

ಬುಧವಾರ ಸಂಜೆ ರೇಡಿಯೊದಲ್ಲಿ ಗಿಬ್‌ನ ದನಿ ಬಂತು. ಅವನ ದೋಣಿಯ ಹೆಸರು ಎಬೆನೇಜರ್, ಅವನೂ ಸೇರಿ ಐದು ಜನ. ತಾನು ದೂರದ ದಿಬ್ಬದ ಮೇಲಿದ್ದೇನೆ, ಮೀನು ಏನೂ ಇಲ್ಲ, ಶನಿವಾರದ ತನಕ ಅಲ್ಲೇ ಇರುತ್ತೇನೆ ಎಂದ. ದೂರದ ದಿಬ್ಬ ಎಂದರೆ ಕಡಲೊಳಗಿನ ಮೀನಿನ ದಿಬ್ಬ, ಒಂದು ಹಗಲು ಒಂದು ರಾತ್ರಿಯ ದಾರಿ. ಅಲ್ಲಿಂದ ಗುರುವಾರದ ಊಟಕ್ಕೆ ಬರುವಂತಿಲ್ಲ. ಎಫಿ ಅದನ್ನು ಕೇಳಿ ನಕ್ಕು ಅತ್ತೆಯ ಮುಖ ನೋಡಿದಳು.

"ನೋಡು, ನಿನ್ನ ಮಗ ಹೇಗೆ ಓದಿ ಹೇಳಿದ ಹಾಗೆ ಹೇಳ್ತಾನೆ."

"ಅವನಪ್ಪ ಇನ್ನೂ ಚಂದ ಹೇಳ್ತಿದ್ದ," ಎಂದಳು ಎಲ್ಸ್‌ಪೆಟ್.

ಗುರುವಾರ ಬೆಳಿಗ್ಗೆ ಎಫಿ ಖೀಮಾ ತಂದಳು. ಮಧ್ಯಾಹ್ನದ ಹೊತ್ತಿಗೆ ಗಾಳಿ ಈಶಾನ್ಯಕ್ಕೆ ತಿರುಗಿತು.

ಈಶಾನ್ಯದ ಗಾಳಿ ಈ ತೀರಕ್ಕೆ ನೇರ ಎದುರು. ಅದು ಎದ್ದರೆ ಹತ್ತಿರವಿದ್ದ ದೋಣಿಗಳೆಲ್ಲ ಅಲೆ ಬಂದರಿನ ಬಾಯಿ ಮುಚ್ಚುವ ಮುಂಚೆ ಒಳಗೆ ಓಡಿಬರುತ್ತವೆ. ಒಂದೊಂದಾಗಿ ಬಂದವು. ಮೂರು ಗಂಟೆಗೆ ನಾನು ಗೋಡೆಗೆ ಕಿವಿಗೊಡುವುದು ಬಿಟ್ಟು ಅವಳ ಬಾಗಿಲಿಗೇ ಹೋದೆ. ಖೀಮಾದ ವಾಸನೆ ಬಂದು ಎಷ್ಟೋ ಹೊತ್ತಾಗಿತ್ತು. ಎಬೆನೇಜರ್ ಮಾತ್ರ ಬಂದಿರಲಿಲ್ಲ.

ಎಫಿ ಒಲೆಯ ಮುಂದೆ ನಿಂತಿದ್ದಳು. ದನದ ಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ, ಖೀಮಾ ಕಂದುಬಣ್ಣಕ್ಕೆ ಬರುವ ತನಕ ಹುರಿದು, ಕ್ಯಾರೆಟ್ ಹಾಕಿ, ಒಂದು ಹಿಡಿ ಓಟ್ಸ್ ಹಿಟ್ಟು ಉದುರಿಸಿ ಸಣ್ಣ ಉರಿಯಲ್ಲಿ ಕುದಿಯಲು ಬಿಟ್ಟಿದ್ದಳು. ಪಕ್ಕದಲ್ಲಿ ಆಲೂಗಡ್ಡೆ ಬೇಯುತ್ತಿತ್ತು.

"ಎಂತ, ಈಗಲೇ ಇಟ್ಟಿದ್ದೀ?" ಎಂದೆ.

"ಇಡದಿದ್ರೆ ಕೈ ಸುಮ್ಮನೆ ಇರೂದಿಲ್ಲ ಟೀಚರ್."

"ಬರ್ತಾನೆ. ಆರಕ್ಕೆ ಖೀಮಾ ಇರ್ಲಿ ಅಂತ ಅವನೇ ಹೇಳಿದ್ದಾನಲ್ಲ."

ಲೋರ್ನಾ ಕಿಟಕಿಯ ಬಳಿ ಕೂತು ಬಂದರಿನ ಬಾಯಿಯನ್ನೇ ನೋಡುತ್ತಿದ್ದಳು. ಅಲೆ ಕಟ್ಟೆಗೆ ಹೊಡೆದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ರೇಡಿಯೊದಲ್ಲಿ ಯಾರೋ ಎಬೆನೇಜರನ್ನು ಕರೆಯುತ್ತಿದ್ದರು. ಹೆಸರು ಕರೆದು, ಸುಮ್ಮನಾಗಿ, ಮತ್ತೆ ಕರೆದು. ಆ ಸುಮ್ಮನಾಗುವ ಹೊತ್ತು ಪ್ರತಿ ಸಲವೂ ಒಂದೇ ಅಳತೆಯದು, ಆದರೆ ಕೇಳುವವರಿಗೆ ಉದ್ದವಾಗುತ್ತ ಹೋಗುತ್ತಿತ್ತು.

ನಾಲ್ಕಕ್ಕೆ ಕತ್ತಲಾಯಿತು. ಆಗ ರೇಡಿಯೊದಲ್ಲಿ ಸುದ್ದಿ ಬಂತು: ರಕ್ಷಣಾ ದೋಣಿ ಹೊರಟಿದೆ, ದೂರದ ದಿಬ್ಬದ ಕಡೆಗೆ.

ತೀರ ಕಾಯುವವರ ತಪ್ಪೇನೂ ಇಲ್ಲ. ಗಿಬ್ ತಾನೇ ಹೇಳಿದ್ದ ಜಾಗ ಅದು, ಇಡೀ ಊರು ಕೇಳಿತ್ತು. ಬೇರೆ ದೋಣಿಗಳವರನ್ನು ವಿಚಾರಿಸಿದರೂ ಹೌದು, ಅಲ್ಲೇ ಇದ್ದೇನೆಂದ ಎಂದೇ ಹೇಳಿದರು. ಅದು ಸುಳ್ಳಿರಬಹುದು ಎಂದು ಅವರಿಗೂ ಅನ್ನಿಸಿರಬೇಕು. ಆದರೆ ನಿಜ ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ.

ಎಫಿ ರೇಡಿಯೊದ ಮುಂದೆ ಬಂದು ನಿಂತಳು.

"ಅಮ್ಮಾ, ಅಪ್ಪ ಅಲ್ಲಿಲ್ಲ ಅಲ್ವಾ?" ಎಂದಳು ಲೋರ್ನಾ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನೀನೇ ನಿನ್ನೆ ನಗಾಡಿದ್ದಿ!"

"ನಿನ್ನೆ ನಗಾಡಿದ್ದೆ. ಇವತ್ತು ಗೊತ್ತಿಲ್ಲ. ನಿನ್ನ ಹತ್ತನೇ ಹುಟ್ಟುಹಬ್ಬಕ್ಕೆ ಬರ್ತೇನೆ ಅಂದವ ಮೀನು ಸಿಕ್ಕಿತು ಅಂತ ಮೂರು ದಿನ ಬಿಟ್ಟು ಬಂದ. ಈ ಸಲ ನಿಜವಾಗಿಯೂ ಆ ದಿಬ್ಬಕ್ಕೇ ಹೋಗಿದ್ರೆ? ನಾನು ಇಲ್ಲಿ ಕೂತು ಅವ ಅಲ್ಲಿಲ್ಲ ಅಂದ್ರೆ, ಆ ದೋಣಿ ತಿರುಗಿ ಬಂದ್ರೆ, ಅವ ಅಲ್ಲೇ ಇದ್ರೆ?"

ಅವಳ ಹೆದರಿಕೆ ಎಂಥದು ಎಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಸುಮ್ಮನಿದ್ದು ಗಂಡನನ್ನು ಕೊಲ್ಲಬಹುದು, ಬಾಯಿ ಬಿಟ್ಟೂ ಕೊಲ್ಲಬಹುದು. ಯಾವುದರಿಂದ ಎಂದು ಹೇಳುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಆಲೂಗಡ್ಡೆ ಕೆಟ್ಟಿತ್ತು. ಎಲ್ಲರ ಕಿವಿ ರೇಡಿಯೊದಲ್ಲಿದ್ದಾಗ ಅದು ಬೆಂದು ಬೆಂದು ಕರಗಿ, ಪಾತ್ರೆಯ ತುಂಬ ಗಂಜಿಯಾಗಿ ಕೂತಿತ್ತು. ಎಫಿ ಮುಚ್ಚಳ ತೆಗೆದು ಒಂದು ಗಳಿಗೆ ನೋಡಿದಳು. ಆಮೇಲೆ ಅದನ್ನು ಹಾಗೇ ಎತ್ತಿ ತೊಟ್ಟಿಗೆ ಸುರಿದಳು.

"ಚೆಲ್ಲಿದ್ದೆಂತದು?" ಎಂದಳು ಎಲ್ಸ್‌ಪೆಟ್. "ಸೂಪಿಗೆ ಆಗ್ತಿತ್ತಲ್ಲ."

"ಅವ ಬಂದಾಗ ಗಂಜಿ ಬಡಿಸ್ಲಾ?"

"ಬುಟ್ಟಿಯಲ್ಲಿ ಬೇರೆ ಉಂಟಾ?"

"ಇಲ್ಲ." ಎಫಿ ಚಿಮಣಿ ದೀಪ ಹಿಡಿದು ಹಿಂಬಾಗಿಲ ಪಡಸಾಲೆಗೆ ಹೋದಳು. ಅಲ್ಲಿ ಹಳೆಯ ಬಲೆ, ಬೂಟು, ಕಲ್ಲಿದ್ದಲಿನ ಜೊತೆಗೆ ಒಂದೆರಡು ಆಲೂಗಡ್ಡೆ ಬಿದ್ದಿದ್ದರೂ ಬಿದ್ದಿರಬಹುದು ಎಂದು. ಹೋದವಳು ಬರಲಿಲ್ಲ. ಲೋರ್ನಾ ಕರೆದಳು. ನಾನು ಹೋಗಿ ನೋಡಿದೆ.

ಎಫಿ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು. ಅವಳ ಮುಂದೆ, ಬಲೆಯ ಕೆಳಗೆ, ಒಂದು ಗೋಣಿಚೀಲ. ಅದರ ಮೇಲೆ ಸೀಮೆಸುಣ್ಣದಲ್ಲಿ ಅವಳದೇ ಕೈಬರಹ: ಎಬೆನೇಜರ್.

ಈ ಊರಿನಲ್ಲಿ ದೋಣಿಯ ಊಟದ ಸಾಮಾನು ಕಟ್ಟುವುದು ಹೆಂಡತಿಯ ಕೆಲಸ. ಮಾಂಸ, ಹಿಟ್ಟು, ಚಹಾ, ಸಕ್ಕರೆ, ಆಲೂಗಡ್ಡೆ. ವಾರದ ಪ್ರಯಾಣಕ್ಕೆ ಐದು ಜನರಿಗೆ ಒಂದು ಮೂಟೆ ಆಲೂಗಡ್ಡೆ ಬೇಕು. ಅವಳು ಭಾನುವಾರ ಮಧ್ಯರಾತ್ರಿ ಕಳೆದ ಮೇಲೆ ಪೂರ್ತಿ ಮೂಟೆ ಕಟ್ಟಿ ಬಾಗಿಲಲ್ಲಿಟ್ಟಿದ್ದಳು. ಈಗ ಅದೇ ಚೀಲ ಇಲ್ಲಿತ್ತು, ಅರ್ಧ ತುಂಬಿ. ಉಳಿದರ್ಧವನ್ನು ಗಿಬ್ ಬೇರೊಂದು ಚೀಲಕ್ಕೆ ಸುರಿದುಕೊಂಡು ಹೋಗಿದ್ದ.

"ಅರ್ಧ ಬಿಟ್ಟು ಹೋಗಿದ್ದಾನೆ," ಎಂದಳು ಎಫಿ. "ಹೊರಗಡೆ ಅವ ಎಂತ ಬೇಕಾದ್ರೂ ಹೇಳ್ಲಿ ಟೀಚರ್, ತನ್ನ ಹುಡುಗರನ್ನು ಉಪವಾಸ ಕೆಡವುವವ ಅಲ್ಲ. ಅರ್ಧ ಮೂಟೆ ಅಂದ್ರೆ ಮೂರು ದಿನ. ಮೂರು ದಿನ ಅಂದ್ರೆ ಇವತ್ತು."

"ಬೇರೆ ಬಂದರಿನಲ್ಲಿ ಕೊಂಡುಕೊಂಡಿದ್ದರೆ?" ಎಂದೆ. ಕೇಳಬೇಕಾದ ಪ್ರಶ್ನೆ ಅದು, ಕೇಳಿದೆ.

ಅವಳು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. "ಹಾಗೂ ಇರಬಹುದು," ಎಂದಳು. ಎದ್ದು ಫೋನಿನ ಹತ್ತಿರ ಹೋದಳು.

ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: "ನಾನು ಎಬೆನೇಜರ್‌ನ ಗಿಬ್ ಫ್ಲೆಟ್‌ನ ಹೆಂಡತಿ. ನನ್ನ ಗಂಡ ರೇಡಿಯೊದಲ್ಲಿ ಸುಳ್ಳು ಹೇಳಿದ್ದ. ಅವ ದೂರದ ದಿಬ್ಬದಲ್ಲಿಲ್ಲ. ಇಲ್ಲೇ ಹತ್ತಿರ ಇದ್ದಾನೆ." ಆ ಕಡೆಯವರು ಏನೋ ಕೇಳಿದರು. ಎಫಿ ಗೋಡೆಗೆ ಕೈ ಊರಿದಳು. "ಹೌದು. ಖಚಿತ."

ಅವಳಿಗೆ ಖಚಿತವಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಫೋನಿಟ್ಟು ಬಂದಳು. "ರಕ್ಷಣಾ ದೋಣಿಯನ್ನು ತಿರುಗಿಸ್ತಾರೆ. ಆದ್ರೆ ಅದು ಈಗಾಗಲೇ ದೂರ ಹೋಗಿದೆ, ಬರುವಾಗ ತುಂಬ ಹೊತ್ತಾಗ್ತದೆ. ಹತ್ತಿರ ಅಂದ್ರೆ ಎಲ್ಲಿ ಅಂತ ಕೇಳ್ತಾರೆ." ಅವಳು ಅತ್ತೆಯ ಕುರ್ಚಿಯ ಮುಂದೆ ನಿಂತಳು. "ಅಜ್ಜನ ಹೊಲ ಎಲ್ಲಿ ಉಂಟು, ಅತ್ತೆ?"

ಅಜ್ಜನ ಹೊಲ ಎಂಬುದು ಗಿಬ್‌ನ ಅಜ್ಜ ಕಂಡುಹಿಡಿದ ಮೀನಿನ ಜಾಗ. ಹತ್ತಿರದಲ್ಲಿ ಗಿಬ್ ಸುಳ್ಳು ಹೇಳಿ ಮುಚ್ಚಿಡುವಂಥ ಜಾಗ ಅದೊಂದೇ. ಮುದುಕಿಯ ಹಲ್ಲು ಎಂದು ಕರೆಯುವ ಬಂಡೆಸಾಲಿನ ಹೊರಗಡೆ ಎಲ್ಲೋ ಇದೆ ಎಂಬಷ್ಟು ಮಾತ್ರ ಎಫಿಗೆ ಗೊತ್ತು. ಆ ಬಂಡೆಸಾಲು ಮೈಲಿಗಟ್ಟಲೆ ಉದ್ದ. ನಿಖರವಾದ ಜಾಗ ತಿಳಿಯಬೇಕಾದರೆ ದಡದ ಮೇಲಿನ ಗುರುತುಗಳು ಬೇಕು: ಯಾವುದರ ಹಿಂದೆ ಯಾವುದು ಅಡಗಬೇಕು, ಯಾವುದರ ನೇರಕ್ಕೆ ಯಾವುದು ಬರಬೇಕು. ಅದನ್ನು ಅಪ್ಪ ಒಬ್ಬ ಮಗನಿಗೆ ಮಾತ್ರ ಹೇಳಿ ಸಾಯುತ್ತಾನೆ. ಗಿಬ್‌ನ ಅಪ್ಪ ಅದನ್ನು ಹಿರಿಯ ಮಗ ವಾಟಿಗೆ ಹೇಳದೆ ಕಿರಿಯವನಾದ ಗಿಬ್‌ಗೆ ಹೇಳಿದ್ದ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತುಹೋಗಿತ್ತು, ಬಂದರಿನಲ್ಲಿ ಅಕ್ಕಪಕ್ಕ ದೋಣಿ ಕಟ್ಟಿದರೂ. ಆ ಮಾತು ಹೇಳುವಾಗ ಹಾಸಿಗೆಯ ಪಕ್ಕದಲ್ಲಿ ಎಲ್ಸ್‌ಪೆಟ್ ಕೂತಿದ್ದಳು ಎಂಬುದು ಮನೆಯವರಿಗೆಲ್ಲ ಗೊತ್ತು. ಅವಳನ್ನು ಯಾರೂ ಎಂದೂ ಕೇಳಿರಲಿಲ್ಲ.

"ಹೆಂಗಸರಿಗೆ ಅದೆಲ್ಲ ಯಾರು ಹೇಳ್ತಾರೆ?" ಎಂದಳು ಎಲ್ಸ್‌ಪೆಟ್.

"ಅತ್ತೆ."

"ಹೇಳಿದ್ರೆ ಹೋಗುವವರು ಯಾರು? ಬಂದರಲ್ಲಿ ಈಗ ಹೊರಗೆ ಹೋಗುವ ಗಟ್ಟಿ ದೋಣಿ ಯಾವುದುಂಟು?"

ಇದ್ದದ್ದು ಒಂದೇ, ವಾಟಿಯದು. ದೊಡ್ಡದು, ಹೊಸದು. ಮುದುಕಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಕೇಳಿದಳು.

"ಲೋರ್ನಾ, ಹೋಗಿ ನಿನ್ನ ದೊಡ್ಡಪ್ಪನನ್ನು ಕರ್ಕೊಂಡು ಬಾ," ಎಂದಳು ಎಫಿ.

"ಬರ್ತಾನಾ?"

"ಬರದಿದ್ರೆ ಎಳ್ಕೊಂಡು ಬಾ."

ಲೋರ್ನಾ ಕೋಟು ಹಾಕಿಕೊಳ್ಳದೆ ಓಡಿದಳು. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಗಾಳಿಗೆ ಒಲೆಯ ಬೂದಿ ಎದ್ದಿತು. ಎಫಿ ಗೋಣಿಚೀಲವನ್ನು ಅಡುಗೆಮನೆಯ ನಡುವೆ ತಂದಿಟ್ಟು, ಸ್ಟೂಲಿನ ಮೇಲೆ ಕೂತು ಸುಲಿಯತೊಡಗಿದಳು. ಸಿಪ್ಪೆ ದಪ್ಪ ದಪ್ಪಗೆ ಬೀಳುತ್ತಿತ್ತು. ನಾನು ಇನ್ನೊಂದು ಚಾಕು ತೆಗೆದುಕೊಂಡೆ.

"ಆ ವಾಟಿಗೆ ಹೇಳೂದೂ ಒಂದೇ, ಪೇಪರಿನಲ್ಲಿ ಹಾಕಿಸೂದೂ ಒಂದೇ," ಎಂದಳು ಎಲ್ಸ್‌ಪೆಟ್ ಬೆಂಕಿಯನ್ನು ನೋಡುತ್ತ. "ಮೂರು ತಲೆಮಾರಿನಿಂದ ಈ ಮನೆಯ ಅನ್ನ ಅದು."

"ಅನ್ನ ತಿನ್ನುವವ ಬೇಡ್ವಾ ಅತ್ತೆ?"

ಮುದುಕಿಯೂ ಹೆದರಿದ್ದಳು. ಅವಳ ತೊಡೆಯ ಮೇಲಿದ್ದ ಹೆಣಿಗೆ ಕೆಳಗೆ ಬಿದ್ದದ್ದು ಅವಳ ಗಮನಕ್ಕೇ ಬಂದಿರಲಿಲ್ಲ.

ವಾಟಿ ಬಂದ. ಭಾರೀ ಮನುಷ್ಯ, ಎಣ್ಣೆಬಟ್ಟೆಯ ಕೋಟಿನಿಂದ ನೀರು ಸುರಿಯುತ್ತಿತ್ತು. ಹೊಸ್ತಿಲಾಚೆಯೇ ನಿಂತ.

"ಒಳಗೆ ಬರಬಹುದಾ, ಇಲ್ಲೇ ನಿಲ್ಲಬೇಕಾ?"

"ಬೂಟು ಒರೆಸ್ಕೊಂಡು ಬಾ," ಎಂದಳು ತಾಯಿ.

ಅವನು ಒರೆಸಿಕೊಂಡು ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ಸಮುದ್ರ ನಕ್ಷೆ ಇತ್ತು. ಲೋರ್ನಾ ದಾರಿಯಲ್ಲೇ ಎಲ್ಲ ಹೇಳಿದ್ದಳು. ಎಫಿ ಮೇಜಿನ ಮೇಲಿದ್ದ ತಟ್ಟೆಗಳನ್ನು ಒಂದೇ ಸಲಕ್ಕೆ ಸರಿಸಿದಳು. ನಕ್ಷೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಆಲೂಗಡ್ಡೆ ಇಟ್ಟರು.

"ನಿಮ್ಮಪ್ಪ ನಿನಗೆ ಯಾಕೆ ಹೇಳ್ಲಿಲ್ಲ, ಗೊತ್ತುಂಟಾ?" ಎಂದಳು ಎಲ್ಸ್‌ಪೆಟ್.

"ಗೊತ್ತು. ನನ್ನ ಬಾಯಿ ಜರಡಿ ಅಂತ."

"ಈಗಲೂ ಜರಡಿಯೇ."

"ಹೌದಮ್ಮಾ, ಜರಡಿಯೇ. ಬೇಗ ಹೇಳು."

ಎಲ್ಸ್‌ಪೆಟ್ ಕಣ್ಣು ಮುಚ್ಚಿದಳು. ಪಾಠ ಒಪ್ಪಿಸುವ ಮಗುವಿನ ಹಾಗೆ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು: "ಚರ್ಚಿನ ಗೋಪುರ ವಿಸ್ಕಿ ಕಾರ್ಖಾನೆಯ ಚಿಮಣಿಯ ಹಿಂದೆ ಅಡಗಬೇಕು. ಮೆಕ್‌ಕಾಂಬಿಯ ಬಿಳೀ ಮನೆ ಬಂಡೆಯ ಸೀಳಿನೊಳಗೆ ಬರಬೇಕು. ಮನೆಯ ಎಡಗೋಡೆ ಕಂಡ್ರೆ ಹೆಚ್ಚು ಹೋದ ಹಾಗೆ. ಅಷ್ಟೇ."

ವಾಟಿ ಖೀಮಾದ ಪಾತ್ರೆಯಿಂದ ಮರದ ಸೌಟು ತೆಗೆದು, ನೆಕ್ಕಿ, ಅಂಗಿಗೆ ಒರೆಸಿ, ಅದರ ಹಿಡಿಯನ್ನೇ ಅಳತೆಪಟ್ಟಿ ಮಾಡಿಕೊಂಡು ಎರಡು ಗೆರೆ ಎಳೆದ. ಗೆರೆಗಳು ಕೂಡಿದ ಜಾಗದ ಮೇಲೆ ಬೆರಳಿಟ್ಟ. ಬೆರಳು ಮತ್ತು ಬಂಡೆಸಾಲಿನ ನಡುವೆ ಒಂದು ಉಗುರಿನಷ್ಟೂ ಅಂತರವಿರಲಿಲ್ಲ. ಅವನ ಮುಖ ಬದಲಾಯಿತು.

"ಈ ಗಾಳಿಗೆ ಇಲ್ಲಿ ಎಂಜಿನ್ ನಿಂತ್ರೆ..." ಎಂದವನು ಎಫಿಯನ್ನು ನೋಡಿ ನಿಲ್ಲಿಸಿದ. ಸೌಟನ್ನು ಮೇಜಿನ ಮೇಲಿಟ್ಟ. "ಖೀಮಾಕ್ಕೆ ಮೆಣಸು ಸಾಲದು," ಎಂದು ಹೇಳಿ ಹೋದ.

ಆಮೇಲಿನದು ಕಾಯುವುದು. ಅದನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ವರ್ಣಿಸಿದರೆ ಅದು ಏನೋ ದೊಡ್ಡದೆಂಬಂತೆ ತೋರುತ್ತದೆ. ನಾಲ್ಕು ಹೆಂಗಸರು ಒಂದು ಬಿಸಿ ಅಡುಗೆಮನೆಯಲ್ಲಿ ಕೂತಿದ್ದೆವು. ಆಲೂಗಡ್ಡೆ ಕುದಿಯುತ್ತಿತ್ತು. ವಾಟಿಯ ದೋಣಿಯ ದೀಪ ಬಂದರಿನ ಬಾಯಿಯಲ್ಲಿ ಒಮ್ಮೆ ಮೇಲೆ ಹೋಗಿ, ಕೆಳಗೆ ಹೋಗಿ, ಕಾಣದಾಯಿತು. ಆ ದೋಣಿಯಲ್ಲಿ ಆರು ಜನ ಇದ್ದರು. ಎಫಿ ಅದನ್ನು ಯೋಚಿಸುತ್ತಿದ್ದಳು. "ಆರು ಮನೆ," ಎಂದಳು ಒಮ್ಮೆ, ಯಾರಿಗೂ ಅಲ್ಲ. ಇನ್ನೊಮ್ಮೆ, "ಮೂಟೆ ಹರಿದಿತ್ತು ಅಂತ ಅರ್ಧ ತೆಗೆದಿಟ್ಟಿದ್ರೆ?" ಎಂದು ಎದ್ದು ಹೋಗಿ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಹರಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನೋಡಿದಳು. ಲೋರ್ನಾ ಅವಳ ಕೈಯಿಂದ ಚೀಲ ಬಿಡಿಸಿಕೊಂಡು ದೂರ ಇಟ್ಟಳು.

ನೆರೆಯ ಹೆಂಗಸರು ಯಾರೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ಬರುವುದಿಲ್ಲ; ಬಂದರೆ ಸುದ್ದಿ ತಂದಿದ್ದಾರೆ ಎಂದಾಗುತ್ತದೆ. ಹೊರಗೆ ಹೆಜ್ಜೆಯ ಸದ್ದಾದಾಗಲೆಲ್ಲ ನಾವು ಬಾಗಿಲನ್ನು ನೋಡುತ್ತಿದ್ದೆವು. ಹೆಜ್ಜೆ ದಾಟಿ ಹೋದರೆ ಉಸಿರು ಬಿಡುತ್ತಿದ್ದೆವು.

ಎರಡನೇ ಪಾತ್ರೆ ಆಲೂಗಡ್ಡೆಯನ್ನು ಎಫಿ ಬಸಿದಳು. ಉರಿಯ ಮೇಲೆ ಅಲುಗಾಡಿಸಿ ಒಣಗಿಸಿದಳು. ಮುಚ್ಚಳದ ಕೆಳಗೆ ಬಟ್ಟೆ ಹಾಕಿ ಮುಚ್ಚಿದಳು. ಹಿಸುಕುವ ಕೋಲು ಮೊಳೆಯಲ್ಲಿ ತೂಗುತ್ತಿತ್ತು. ಅದರ ಕಡೆಗೆ ನೋಡಲಿಲ್ಲ.

ಆಗ ರೇಡಿಯೊ ಗೊರಗೊರ ಎಂದು, ವಾಟಿಯ ದನಿ ಬಂತು. ತಾನೆಲ್ಲಿದ್ದೇನೆಂದು ರಕ್ಷಣಾ ದೋಣಿಗೆ ಹೇಳುತ್ತಿದ್ದ. ಮುದುಕಿಯ ಹಲ್ಲಿನಿಂದ ಎಷ್ಟು ದೂರ, ಯಾವ ದಿಕ್ಕು, ಎಷ್ಟು ಆಳ, ಒಂದೂ ಬಿಡದೆ, ಎರಡೆರಡು ಸಲ. ಆ ಅಲೆಯ ಮೇಲೆ ಒಬ್ಬ ಗಂಡಸು ತಾನಿರುವ ಜಾಗವನ್ನು ಇದ್ದಂತೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಊರಿನ ಪ್ರತಿ ಅಡುಗೆಮನೆಯೂ ಕೇಳುತ್ತಿತ್ತು. ಮೇಲಿನ ಕೆಳಗಿನ ಬಂದರುಗಳೂ ಕೇಳುತ್ತಿದ್ದವು.

ಎಲ್ಸ್‌ಪೆಟ್ ಸಣ್ಣಗೆ ನರಳಿದಳು. ಹೊಲ ಹೋಯಿತು.

"ದೀಪ ಕಾಣ್ತದೆ," ಎಂದ ವಾಟಿ. ಆಮೇಲೆ ಗಾಳಿಯ ಸದ್ದು ಮಾತ್ರ. ಲೋರ್ನಾ ಅಮ್ಮನ ತೋಳು ಹಿಡಿದುಕೊಂಡಳು. ಎಫಿ ನಿಂತೇ ಇದ್ದಳು, ಕಲ್ಲಿನ ಹಾಗೆ. ರೇಡಿಯೊ ಎಷ್ಟೋ ಹೊತ್ತು ಸುಮ್ಮನಿತ್ತು. ಮತ್ತೆ ದನಿ ಬಂತು: "ಬಲೆ ಪ್ರೊಪೆಲ್ಲರ್ ಚಕ್ರಕ್ಕೆ ಸುತ್ತಿಕೊಂಡಿದೆ. ಲಂಗರು ಹಾಕಿ ನಿಂತಿದ್ದಾರೆ. ನೀರು ನುಗ್ಗಿ ರೇಡಿಯೊ ಸತ್ತಿದೆ." ಸ್ವಲ್ಪ ಬಿಟ್ಟು, "ಎಫಿ, ಕೇಳ್ತಾ ಇದ್ದೀಯಲ್ಲ. ಐದು ಜನ. ಐದೂ ಎಣಿಸಿದೆ. ಹಗ್ಗ ಕೊಡ್ತಾ ಇದ್ದೇವೆ."

ಎಫಿ ಕೂತಳು. ಸ್ಟೂಲು ಅಲ್ಲಿರಲಿಲ್ಲ, ನೆಲದ ಮೇಲೆ, ಸಿಪ್ಪೆಯ ನಡುವೆ ಕೂತಳು. ಅಳಲಿಲ್ಲ.

"ಎದ್ದೇಳು," ಎಂದಳು ಎಲ್ಸ್‌ಪೆಟ್. "ಹಗ್ಗ ಕೊಟ್ರೆ ಆಯ್ತಾ? ಬಾಯಿ ದಾಟಬೇಕು ಇನ್ನು."

ಅದು ನಿಜ. ಬಂದರಿನ ಬಾಯಿ ಎಫಿಗೆ ಎಂಥ ಜಾಗ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಎದ್ದು ಕಿಟಕಿಗೆ ಹೋದಳು. ಎರಡು ದೀಪಗಳು, ಒಂದರ ಹಿಂದೆ ಒಂದು, ಬಹಳ ಹೊತ್ತಿನ ಮೇಲೆ ಕಂಡವು. ಬಾಯಿಯ ಹೊರಗೆ ನಿಂತವು, ಅಲೆಯ ಲೆಕ್ಕ ನೋಡುತ್ತ. ಹಿಂದಿನ ದೀಪ ಒಮ್ಮೆ ಪೂರ್ತಿ ಅಡಗಿತು. ಎಫಿ ಬಾಯಿಗೆ ಕೈ ಒತ್ತಿಕೊಂಡಳು. ಹಲ್ಲು ಕೈಗೆ ನಾಟಿದ ಗುರುತು ಮರುದಿನವೂ ಇತ್ತು. ದೀಪ ಮತ್ತೆ ಮೇಲೆ ಬಂತು. ಒಂದು ದಾಟಿತು. ಎರಡನೆಯದೂ ದಾಟಿತು.

ಅವಳು ತಿರುಗಿ ಬಂದು, ಮೊಳೆಯಿಂದ ಹಿಸುಕುವ ಕೋಲು ತೆಗೆದು, ಮುಚ್ಚಳ ತೆರೆದು ಆಲೂಗಡ್ಡೆ ಹಿಸುಕತೊಡಗಿದಳು. ಬೆಣ್ಣೆ ಹಾಕಿದಳು, ಬಿಸಿ ಹಾಲು ಹಾಕಿದಳು, ಬಿಳಿ ಮೆಣಸಿನ ಪುಡಿ ಹಾಕಿದಳು, ಹಿಸುಕಿದಳು. ಸಾಕಾದ ಮೇಲೂ ಹಿಸುಕಿದಳು. ತೋಳು ನಿಲ್ಲುತ್ತಿರಲಿಲ್ಲ. ಲೋರ್ನಾ ಎರಡು ಸಲ ಕರೆದಳು. ಕೊನೆಗೆ ನಾನು ಕೋಲಿನ ಹಿಡಿಯನ್ನು ಹಿಡಿದು ನಿಲ್ಲಿಸಿದೆ.

ಗಿಬ್ ಬಂದಾಗ ಊಟದ ಹೊತ್ತು ಎಂದೋ ಮೀರಿತ್ತು. ಅಂಗೈ ಎರಡೂ ಹಗ್ಗ ಉಜ್ಜಿ ಕಿತ್ತುಹೋಗಿದ್ದವು, ತುಟಿ ನೀಲಿಯಾಗಿತ್ತು. ಹಿಂದೆ ವಾಟಿ ನಿಂತಿದ್ದ. ಗಿಬ್ ಹೆಂಡತಿಯನ್ನು ನೋಡಿದ, ಮೇಜಿನ ಮೇಲೆ ಇನ್ನೂ ಬಿಡಿಸಿಟ್ಟಿದ್ದ ನಕ್ಷೆಯನ್ನು ನೋಡಿದ, ಅದರ ಮೇಲಿನ ಎರಡು ಗೆರೆಯನ್ನು ನೋಡಿದ.

"ಯಾರು ಹೇಳಿದ್ದು?"

"ನಾನು," ಎಂದಳು ಎಫಿ.

"ನಿನಗೆ ಗೊತ್ತೇ ಇರ್ಲಿಲ್ಲ."

"ನಾನು ಹೇಳಿದ್ದು," ಎಂದಳು ತಾಯಿ. "ಎಂತ ಮಾಡ್ತಿ? ಕೂತ್ಕೋ, ಆಲೂಗಡ್ಡೆ ಆರ್ತದೆ. ವಾಟಿ, ನೀನೂ ಕೂತ್ಕೋ. ನಿಂತವರ ಮುಖ ನೋಡ್ಲಿಕ್ಕೆ ನನ್ನ ಕುತ್ತಿಗೆ ನೋಯ್ತದೆ."

ಕೂತರು. ಲೋರ್ನಾ ಅಪ್ಪನ ಕೈಗೆ ಬಟ್ಟೆ ಸುತ್ತಿದ್ದರಿಂದ ಅವನಿಗೆ ಚಮಚ ಹಿಡಿಯಲು ಬರಲಿಲ್ಲ, ಎಫಿ ತಿನ್ನಿಸಿದಳು. ಯಾರೂ ಆ ಬಗ್ಗೆ ತಮಾಷೆ ಮಾಡಲಿಲ್ಲ. ವಾಟಿ ಎರಡು ಸಲ ಹಾಕಿಸಿಕೊಂಡ. ಮೂರನೇ ತುತ್ತಿಗೆ ಗಿಬ್ ಹೇಳಿದ, "ಅಂಟಾಗಿದೆಯಲ್ಲ."

"ಹೌದು," ಎಂದಳು ಎಫಿ, ಮುಂದಿನ ತುತ್ತು ಎತ್ತಿದಳು.

ಸೋಮವಾರ ಅಜ್ಜನ ಹೊಲದಲ್ಲಿ ಬೇರೆ ಬಂದರುಗಳವೂ ಸೇರಿ ಹನ್ನೊಂದು ದೋಣಿಗಳಿದ್ದವು. ಬೇಸಿಗೆಯ ಹೊತ್ತಿಗೆ ಅಲ್ಲಿ ಮೀನಿರಲಿಲ್ಲ. ಗಿಬ್ ಆ ಬಗ್ಗೆ ಹೆಂಡತಿಗೆ ಏನೂ ಹೇಳಲಿಲ್ಲ, ಕೃತಜ್ಞತೆಯನ್ನೂ ಹೇಳಲಿಲ್ಲ. ಊರಿನ ಕೆಲವು ಹೆಂಗಸರು ಒಂದಷ್ಟು ಕಾಲ ಅಂಗಡಿಯಲ್ಲಿ ಎಫಿಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಗಂಡ ಸುಳ್ಳುಗಾರ ಎಂದು ಫೋನಿನಲ್ಲಿ ಹೇಳಿದವಳು ಅವಳು. ಅವಳು ಅದನ್ನು ಲೆಕ್ಕಕ್ಕಿಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಟ್ಟಳು, ಮತ್ತು ಸಹಿಸಿದಳು.

ಗಿಬ್ ದೋಣಿ ಬಿಡುವ ತನಕ ರೇಡಿಯೊದಲ್ಲಿ ಸುಳ್ಳು ಹೇಳುತ್ತಲೇ ಇದ್ದ. ಆದರೆ ಸೋಮವಾರ ನಸುಕಿನಲ್ಲಿ ಎಫಿ ಖಾಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, "ಎಷ್ಟು?" ಅವನು ಅರ್ಧ ಎನ್ನುತ್ತಿದ್ದ, ಇಲ್ಲವೇ ಪೂರ್ತಿ, ಇಲ್ಲವೇ ಮುಕ್ಕಾಲು. ಅವಳು ಅಷ್ಟನ್ನೇ ತುಂಬುತ್ತಿದ್ದಳು. ಆ ಒಂದು ಮಾತಿನಲ್ಲಿ ಅವನು ಅವಳಿಗೆ ಎಂದೂ ಸುಳ್ಳು ಹೇಳಲಿಲ್ಲ.

ಹೆದರಿಕೆ ಹೋಗಲಿಲ್ಲ. ನನಗೂ ಅದರ ಒಂದು ಪಾಲು ಅಂಟಿಕೊಂಡಿತು. ಈಶಾನ್ಯದ ಗಾಳಿ ಎದ್ದ ಸಂಜೆ, ಗೋಡೆಯಾಚೆಯಿಂದ ಖೀಮಾದ ವಾಸನೆ ಬಂದಾಗ, ನಾನು ಓದುತ್ತಿದ್ದ ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟು ಕೂರುತ್ತಿದ್ದೆ. ಪಾತ್ರೆಯ ಅಂಚಿಗೆ ಕೋಲು ಬಡಿಯುವ ಸದ್ದು ಬರುವ ತನಕ ಪುಟ ತಿರುಗಿಸುತ್ತಿರಲಿಲ್ಲ.